ಹಾವಿನ ಭಾಷಣದ ನಾಲ್ಕನೇ ಮಾತು

ನನಗೆ ಹಾವೆಂದರೆ ಭಯ ಎಂದು ಹೇಳಿದರೆ ಗೊಳಸಂಗಿಯಲ್ಲಿ ಯಾರೂ ನಂಬುವುದಿಲ್ಲ. ನಂಬದಂತೆ ಮಾಡಿದವನು ನಾನೇ ಆದ್ದರಿಂದ ಯಾರನ್ನೂ ದೂರುವಂತಿಲ್ಲ. ನಿಜ ಹೇಳಬೇಕೆಂದರೆ, ಬಿಸಿಲು ಏರತೊಡಗಿತೆಂದರೆ ನಾನು ಒಂದು ಕಡೆ ನೆಟ್ಟಗೆ ಕೂತವನಲ್ಲ. ಚಪ್ಪಲಿಯನ್ನು ಮೂರು ಸಲ ಕೊಡವದೆ ಮೆಟ್ಟುವುದಿಲ್ಲ. ಬಚ್ಚಲಿಗೆ ಹೋಗುವಾಗ ಜೋರಾಗಿ ಕೆಮ್ಮುತ್ತ ಹೋಗುತ್ತೇನೆ. ಹಾವಿಗೆ ಹೊರಕಿವಿ ಇರುವುದಿಲ್ಲವೆಂದು ಒಂಬತ್ತನೇ ತರಗತಿಗೆ ಪಾಠ ಮಾಡುವವನೂ ನಾನೇ. ಕುರ್ಚಿಯಲ್ಲಿ ಕೂತರೆ ಮೊಣಕಾಲು ತಾನಾಗಿ ಕುಣಿಯುತ್ತಿರುತ್ತದೆ. "ಕಾಲ ಅಲ್ಲಾಡಸಬ್ಯಾಡ್ರಿ, ಮನಿಗೆ ದರಿದ್ರ ಬರ್ತೈತಿ" ಎಂದು ಹೆಂಡತಿ ಮದುವೆಯಾದ ವಾರದಿಂದ ಹೇಳುತ್ತ ಬಂದಿದ್ದಾಳೆ. ದರಿದ್ರ ಬಂದರೆ ಬರಲಿ, ಕಾಲ ಬಳಿ ಬೇರೇನೂ ಬರದಿದ್ದರೆ ಸಾಕು ಎಂಬುದು ನನ್ನ ಲೆಕ್ಕ.

ಈ ಭಯ ಹುಟ್ಟೂರು ಯಂಕಂಚಿಯಿಂದಲೇ ಜೊತೆಗೆ ಬಂದದ್ದು. ಅಲ್ಲಿ ನಮ್ಮಜ್ಜಿ ಹಾವನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಯೇ ಇಲ್ಲ. "ಹುಳ" ಎನ್ನುತ್ತಿದ್ದಳು, ಅದೂ ದನಿ ತಗ್ಗಿಸಿ. ಹೆಸರು ಹಿಡಿದರೆ ಬಂದೇ ಬಿಡುತ್ತದೆಂದು ಅವಳ ನಂಬಿಕೆ. ವಿಜ್ಞಾನದ ಮಾಸ್ತರನಾದ ಮೇಲೆ ನಾನು ಅಂಥ ನಂಬಿಕೆಗಳನ್ನೆಲ್ಲ ಬಿಟ್ಟಿದ್ದೇನೆ. ಆದರೂ ತರಗತಿಯಲ್ಲಿ ಆದಷ್ಟು "ಸರೀಸೃಪ" ಎಂದೇ ಹೇಳಿ ಮುಗಿಸುತ್ತೇನೆ.

ಇಂಥ ನಾನು ಊರಿಗೆ ಹಾವಿನ ಪಂಡಿತನಾದದ್ದು ಹೀಗೆ. ಒಂದು ದಿನ ಶಾಲೆಯ ಬಿಸಿಯೂಟದ ಕೋಣೆಗೆ ಮಾರುದ್ದದ ಕೇರೆ ಹಾವು ಬಂದಿತ್ತು. ವಿಷವಿಲ್ಲದ ಪ್ರಾಣಿ, ಇಲಿ ತಿನ್ನಲು ಬಂದದ್ದು. ಎಲ್ಲರೂ ಹೊರಗೋಡಿದರು, ನಾನೊಬ್ಬ ಒಳಗುಳಿದೆ. ಕಾರಣ ಧೈರ್ಯವಲ್ಲ, ಕಾಲು ಏಳಲಿಲ್ಲ ಅಷ್ಟೇ. ಹಾವಿಗೆ ನನ್ನ ಮುಖ ನೋಡಿ ಏನನ್ನಿಸಿತೋ, ತಾನಾಗಿಯೇ ಒಂದು ಖಾಲಿ ಅಕ್ಕಿ ಚೀಲದೊಳಗೆ ಹೊಕ್ಕಿತು. ಚೀಲದ ಬಾಯಿ ಕಟ್ಟಿದ್ದು ಮಾತ್ರ ನಾನು. ಕಟ್ಟಿದ ಚೀಲವನ್ನು ಊರೆಲ್ಲ ನೋಡಿತು. ಹಾವು ಹೊಕ್ಕದ್ದನ್ನು ನೋಡಿದವರು ಯಾರೂ ಇರಲಿಲ್ಲ, ನಾನೂ ಬಿಡಿಸಿ ಹೇಳಲು ಹೋಗಲಿಲ್ಲ.

ಮರುವಾರವೇ ಪಂಚಾಯಿತಿಯವರು ನನ್ನಿಂದ ಭಾಷಣ ಮಾಡಿಸಿದರು: ಹಾವು ಕಡಿದರೆ ಏನು ಮಾಡಬೇಕು. ಪುಸ್ತಕ ಓದಿಕೊಂಡು ಹೋದೆ. ಕಡಿದ ಜಾಗವನ್ನು ಬಿಗಿದು ಕಟ್ಟಬೇಡಿ, ಚಪ್ಪಾಳೆ. ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಚಪ್ಪಾಳೆ. ಮಂತ್ರ ತಂತ್ರ ಎನ್ನುತ್ತ ಕೂಡದೆ ಸೀದಾ ದವಾಖಾನೆಗೆ ಹೋಗಿ, ಇನ್ನೂ ಜೋರು ಚಪ್ಪಾಳೆ. ಪುಸ್ತಕದಲ್ಲಿದ್ದದ್ದು ಅಲ್ಲಿಗೆ ಮುಗಿದಿತ್ತು. ಆದರೆ ಜನ ಇನ್ನೂ ಬೇಕೆಂಬಂತೆ ನೋಡುತ್ತಿದ್ದರು. ಜನ್ಮದಲ್ಲಿ ನನಗೆ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ. ಬೆರಳೆತ್ತಿ, ನಾಲ್ಕನೆಯದಾಗಿ ಯಾವ ಹಾವೆಂದು ಡಾಕ್ಟರಿಗೆ ಖಚಿತವಾಗಿ ತಿಳಿಸಲೇಬೇಕು ಎಂದುಬಿಟ್ಟೆ. ಅದು ಎಲ್ಲಿಂದ ಬಂತೋ ನನಗೂ ಗೊತ್ತಿಲ್ಲ. ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ ಬಿದ್ದದ್ದು ಅದಕ್ಕೇ.

ಕಳೆದ ವರ್ಷ ಜೋಳದ ರಾಶಿ ಮುಗಿದ ಮೇಲಿನ ಮಾತು. ನಮ್ಮಲ್ಲಿ ಜೋಳದ ಒಣ ದಂಟನ್ನು, ಅಂದರೆ ಕಣಕಿಯನ್ನು, ಮನೆಗೋಡೆಗೆ ಒತ್ತಿಯೇ ಬಣವೆ ಒಟ್ಟುತ್ತಾರೆ. ಎಮ್ಮೆಗೆ ಹಾಕಲು ಹತ್ತಿರವಾಗುತ್ತದೆ, ಇಲಿಗೂ ಹತ್ತಿರವಾಗುತ್ತದೆ, ಇಲಿಯ ಹಿಂದೆ ಬರುವವರಿಗೂ ಹತ್ತಿರವಾಗುತ್ತದೆ. ಬೆಳಿಗ್ಗೆ ಶಾಲೆಗೆ ಹೊರಟವನು ಪಕ್ಕದ ಮನೆ ದಸ್ತಗೀರಸಾಬರ ಅಂಗಳ ನೋಡಿ ನಿಂತೆ. ಸಾಬರು, ಅವರ ಗೆಳೆಯ ಕುರಿ ಮಲ್ಲಪ್ಪ, ಇನ್ನೂ ನಾಲ್ಕೈದು ಮಂದಿ ಸೇರಿ ಕಣಕಿಯ ಬಣವೆಯನ್ನು ಕಿತ್ತು ಕಿತ್ತು ಅಂಗಳದ ತುಂಬ ಎಸೆಯುತ್ತಿದ್ದರು. ಸಾಬರ ಹೆಂಡತಿ ಹುಸೇನಬಿ ಕಟ್ಟೆಯ ಮೇಲೆ ಬಲಗೈ ತೊಡೆಯ ಮೇಲಿಟ್ಟುಕೊಂಡು ಕೂತು, "ಕಟ್ಟಿದ ಬಣವಿ ಎಲ್ಲಾ ಕೆಡವಿದ್ರಿ, ಮತ್ತ ಯಾರು ಒಟ್ಟತಾರ?" ಎಂದು ಬೈಯುತ್ತಿದ್ದಳು.

"ಏನ್ ನಡದೈತಿ ಸಾಬರ?" ಎಂದೆ.

"ಹುಳ ಮುಟ್ಟೈತ್ರಿ ಇಕಿಗೆ. ಕಣಕಿ ಹಿರಿಯಾಕ ಕೈ ಹಾಕಿದ್ಲು. ನೀವು ಹೇಳಿದ್ದ ಮಾಡಾಕತ್ತೇವಿ. ಕಟ್ಟಿಲ್ಲ, ಕೊಯ್ದಿಲ್ಲ. ಯಾವ ಹಾವಂತ ಡಾಕ್ಟರಗ ಹೇಳಬೇಕಂದ್ರಲ್ಲ, ಅದನ್ನ ಹುಡುಕಾಕತ್ತೇವಿ."

"ಎಷ್ಟೊತ್ತಾತು?"

"ಅರ್ಧ ತಾಸಾತ್ರಿ."

ಹುಸೇನಬಿಯ ಕೈ ನೋಡಿದೆ. ತೋರುಬೆರಳಿನಿಂದ ಮಣಿಕಟ್ಟಿನವರೆಗೆ ಬಾತು, ಹಸಿರು ಬಳೆಗಳು ಮಾಂಸದೊಳಗೆ ಹೂತಿದ್ದವು. ಹಾವು ಬೇಡ, ಮೊದಲು ಗಾಡಿ ಹತ್ತಿಸಿ ಎಂದು ಹೇಳಬೇಕು. ಹೇಳಿದರೆ ಅವತ್ತಿನ ಮಾತು ಏನಾಗುತ್ತದೆ? ನಾಚಿಕೆಯ ಸಂಗತಿ, ಆದರೆ ಒಪ್ಪಿಕೊಳ್ಳುತ್ತೇನೆ: ಎರಡು ಉಸಿರಿನಷ್ಟು ಹೊತ್ತು ನಾನು ನನ್ನ ಮರ್ಯಾದೆಯ ಬಗ್ಗೆ ಯೋಚಿಸುತ್ತ ನಿಂತೆ. ಆಮೇಲೆ ಅವಳ ಬಳೆಗಳನ್ನು ಒಡೆದು ತೆಗೆಯಲು ಹೇಳಿ, "ಹಾವು ಬಿಡ್ರಿ, ಗಾಡಿ ತರ್ರಿ" ಎಂದೆ.

ಮಲ್ಲಪ್ಪ ಕಣಕಿಯ ಸೂಡು ಹಿಡಿದೇ ಕೇಳಿದ. "ಅವತ್ತ ಬೇಕೇ ಬೇಕಂದ್ರಿ?"

"ಅವತ್ತ ತಪ್ಪ ಹೇಳೀನಿ."

"ಅಷ್ಟ ಮಂದಿ ಮುಂದ?"

"ಮಂದಿ ಇದ್ರಂತನ ಹೇಳೀನಿ ಮಲ್ಲಪ್ಪ. ಗಾಡಿ ತಾ."

ಟಂಟಂ ಬಂತು. ಬಸವನ ಬಾಗೇವಾಡಿಯವರೆಗೆ ಹುಸೇನಬಿ ಎಮ್ಮೆಯ ಬಗ್ಗೆ, ಬಣವೆಯ ಬಗ್ಗೆ, ಒಡೆದ ಬಳೆಯ ಬಗ್ಗೆ ಮಾತಾಡಿದಳು. ಅವಳು ಮಾತು ನಿಲ್ಲಿಸಿದಾಗಲೆಲ್ಲ ನಾನೂ ಸಾಬರೂ ಬೆಚ್ಚಿ ಅವಳ ಮುಖ ನೋಡುತ್ತಿದ್ದೆವು. ದಾರಿಯಲ್ಲಿ ಒಮ್ಮೆ ಉಗುಳಿದಳು, ಉಗುಳಿನಲ್ಲಿ ಕೆಂಪಿತ್ತು. ಎಲೆ ಅಡಿಕೆ ಹಾಕಿದ್ದೀಯಾ ಎಂದು ಸಾಬರು ಕೇಳಿದರು. ಇಲ್ಲವೆಂದು ತಲೆಯಲ್ಲಾಡಿಸಿದಳು.

ದವಾಖಾನೆಯಲ್ಲಿ ಡಾಕ್ಟರಮ್ಮ ಸ್ವಲ್ಪ ರಕ್ತ ತೆಗೆದು ಗಾಜಿನ ನಳಿಕೆಗೆ ಹಾಕಿ ಮೇಜಿನ ಮೇಲಿಟ್ಟರು. ಇಪ್ಪತ್ತು ನಿಮಿಷ ಅದನ್ನು ಅಲುಗಿಸಬಾರದು. ರಕ್ತ ಹೆಪ್ಪುಗಟ್ಟಿದರೆ ಒಳ್ಳೆಯದು, ಗಟ್ಟದಿದ್ದರೆ ವಿಷ ಏರಿದೆಯೆಂದೇ ಅರ್ಥ. ನಾನು ಆ ಮೇಜಿನ ಪಕ್ಕದಲ್ಲೇ ಕೂತೆ. ಐದು ನಿಮಿಷ ಆಗಿರಲಿಲ್ಲ, ನರ್ಸ್ ನನ್ನ ಮೊಣಕಾಲು ನೋಡಿ, ಮೇಜು ನೋಡಿ, "ರೀ, ನೀವು ಹೊರಗ ಹೋಗ್ರಿ. ನಳಿಕಿ ಅಲ್ಲಾಡಾಕತ್ತೈತಿ" ಎಂದಳು. ಹೆಂಡತಿಯ ಮಾತು ನೆನಪಾಯಿತು. ಹೊರಗೆ ಬೇವಿನ ಗಿಡದ ಸುತ್ತ ಉಳಿದ ಹದಿನೈದು ನಿಮಿಷ ಸುತ್ತಿದೆ. ಆ ಅರ್ಧ ತಾಸು ನನ್ನದು, ಅವಳಿಗೇನಾದರೂ ಆದರೆ ಅದು ನನ್ನ ಚಪ್ಪಾಳೆಯ ಆಸೆಯಿಂದ ಆದದ್ದು ಎಂಬುದೊಂದೇ ಯೋಚನೆ. ದೇವರ ಹೆಸರು ಹೇಳಲೂ ಬಾಯಿ ಬರಲಿಲ್ಲ.

ರಕ್ತ ಹೆಪ್ಪುಗಟ್ಟಲಿಲ್ಲ. ಔಷಧಿ ಏರಿಸತೊಡಗಿದರು. ಅಷ್ಟರಲ್ಲಿ ಮಲ್ಲಪ್ಪ ಮೋಟಾರ್‌ಸೈಕಲ್ ಮೇಲೆ, ಬಾಯಿಗೆ ಅರಿವೆ ಕಟ್ಟಿದ ಒಂದು ಪ್ಲಾಸ್ಟಿಕ್ ಕೊಡದೊಂದಿಗೆ ಬಂದಿಳಿದ. ನಾವು ಹೊರಟ ಮೇಲೂ ಬಿಡದೆ ಹುಡುಕಿದಾಗ ಬಣವೆಯ ಬುಡದಲ್ಲಿ ಕೊನೆಗೂ ಸಿಕ್ಕಿತಂತೆ. ಒಳಗಿದ್ದದ್ದು ಮಣ್ಣುಮುಕ್ಕ ಹಾವು. ಬಾಲ ಯಾವುದು, ತಲೆ ಯಾವುದು ತಿಳಿಯದ, ವಿಷದ ಗಂಧಗಾಳಿಯೂ ಇಲ್ಲದ ಬಡಪಾಯಿ.

ಡಾಕ್ಟರಮ್ಮ ಕೊಡದೊಳಗೆ ಇಣುಕಿ ಹೇಳಿದರು. "ಇದನ್ನ ನಂಬಿದ್ರ ಔಷಧ ಕೊಡದನ ಮನಿಗೆ ಕಳಸಬೇಕಿತ್ತು ನಾ. ನಾವು ನೋಡೂದು ಪೇಶಂಟ್‌ನ, ಹಾವನ್ನಲ್ಲ. ಯಾರು ಹೇಳಿದ್ರು ನಿಮಗ ಹಾವು ಹುಡುಕ್ರಿ ಅಂತ?"

ಮಲ್ಲಪ್ಪ ನನ್ನ ಕಡೆ ನೋಡಿದ. ಸಾಬರೂ ನೋಡಿದರು. ಕೊಡದೊಳಗಿನದೂ ನೋಡಿರಬೇಕು. ನಾನೇ ಹೇಳಿದ್ದು ಎಂದು ಒಪ್ಪಿಕೊಂಡೆ. ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ವಿಜ್ಞಾನದ ಮಾಸ್ತರ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಒಳಗೆ ಹೋದರು, ಬೈದಿದ್ದರೆ ವಾಸಿಯಿತ್ತು.

ಹುಸೇನಬಿ ಆರನೇ ದಿನ ಮನೆಗೆ ಬಂದಳು. ಬಣವೆಯನ್ನು ಗೋಡೆಯಿಂದ ದೂರ ಮತ್ತೆ ಒಟ್ಟುವ ಕೆಲಸಕ್ಕೆ ನನ್ನನ್ನೂ ಕರೆದರು. ಸೂಡು ಸೂಡಿಗೂ ಕೆಮ್ಮುತ್ತ ಒಟ್ಟಿದೆ.

ಆಮೇಲೆ ತಪ್ಪು ತಿದ್ದಲು ನಾನೇ ಕೇಳಿಕೊಂಡು ಇನ್ನೊಂದು ಭಾಷಣ ಇಟ್ಟುಕೊಂಡೆ. ಹಳೆಯ ಮೂರು ಮಾತು ಹೇಳಿದೆ. ನಾಲ್ಕನೆಯದು ನನ್ನ ಸೃಷ್ಟಿ, ಮರೆತುಬಿಡಿ ಎಂದೆ. ಚಪ್ಪಾಳೆ ಬೀಳಲಿಲ್ಲ. ಜನ ಸುಮ್ಮನೆ ಕೂತಿದ್ದರು. ದೇವರಾಣೆಗೂ ಹೇಳುತ್ತೇನೆ, ಅಷ್ಟೆಲ್ಲ ಆದ ಮೇಲೂ ಆ ಮೌನದಲ್ಲಿ ನನ್ನ ತೋರುಬೆರಳು ತಾನಾಗಿ ಮೇಲೇಳತೊಡಗಿತ್ತು.

ಮುಂದಿನ ಸಾಲಿನಲ್ಲಿ ಕೂತಿದ್ದ ಹುಸೇನಬಿ ಅದನ್ನು ನೋಡಿದಳು. ಸೆರಗು ಸರಿ ಮಾಡಿಕೊಂಡು ಎದ್ದು ನಿಂತು, "ಕುಂದರ್ರಿ ಮಾಸ್ತರ. ನಾಲ್ಕನೇದು ನಾ ಹೇಳ್ತೇನಿ" ಎಂದಳು. ಜನದ ಕಡೆ ತಿರುಗಿದಳು. "ಹುಳ ಮುಟ್ಟಿದ್ರ ಮಾಸ್ತರ್ ಏನ್ ಹೇಳಿದ್ರಂತ ನೆನಸ್ಕೋತ ಕುಂದರಬ್ಯಾಡ್ರಿ. ಗಾಡಿ ಹತ್ರಿ."

ಬಿದ್ದ ಚಪ್ಪಾಳೆ ನನ್ನ ಮೊದಲ ಭಾಷಣದ್ದಕ್ಕಿಂತ ಜೋರಾಗಿತ್ತು. ನಾನೂ ಹೊಡೆದೆ, ಕೊಂಚ ಹೊಟ್ಟೆಕಿಚ್ಚಿನಿಂದಲೇ.