ಉಗ್ರಾಣಾಧಿಕಾರಿಯ ವಿಮಾನಯಾನ

ಭದ್ರತೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಯಾರ ಮನೆಯ ಮದುವೆಯಾದರೂ ಉಗ್ರಾಣದ ಬೀಗದ ಕೈ ನನ್ನ ಹತ್ತಿರವೇ ಇರುತ್ತಿತ್ತು. ನನ್ನ ಅಪ್ಪಣೆಯಿಲ್ಲದೆ ಒಂದು ಅಚ್ಚು ಬೆಲ್ಲ ಕೂಡ ಆಚೆ ಬಂದದ್ದಿಲ್ಲ. ಅಂಥ ನಾನು, ಪುಣೆಯಲ್ಲಿರುವ ಮಗಳು ಶೋಭಾಳ ಸೀಮಂತಕ್ಕಾಗಿ ಮೊದಲ ಸಲ ವಿಮಾನ ಹತ್ತಬೇಕಾಗಿ ಬಂತು.

"ಅಂತರರಾಷ್ಟ್ರೀಯ ಮಟ್ಟದ ಭದ್ರತೆಯಂತೆ! ಎಲ್ಲಾ ಬರೀ ತೋರಿಕೆ ಕಣೇ" ಎಂದೆ ಹೆಂಡತಿ ಸರೋಜಳಿಗೆ. "ನಾನು ಉಗ್ರಾಣ ನೋಡ್ಕೊಂಡಂಗೆ ಅವ್ರು ನೋಡ್ಕೊಳ್ತಾರಾ?"

"ನೀವು ನೋಡ್ಕೊಂಡಿದ್ದು ಊರಿಗೇ ಗೊತ್ತಲ್ಲ ಬಿಡ್ರಿ" ಎಂದಳು.

ಇದು ಚುಚ್ಚುಮಾತು. ಎರಡು ವರ್ಷದ ಹಿಂದೆ ಶೋಭಾಳ ಮದುವೆಯಲ್ಲಿ, ಸರಿಯಾಗಿ ಊಟದ ಹೊತ್ತಿಗೆ ಉಗ್ರಾಣದ ಬೀಗದ ಕೈ ಮಾಯವಾಗಿತ್ತು! ಒಳಗೆ ಲಾಡು, ಹಪ್ಪಳ, ತುಪ್ಪ. ಹೊರಗೆ ಎಲೆ ಮುಂದೆ ಗಂಡಿನ ಕಡೆಯವರು. ಹಾರೆಯಿಂದ ಬೀಗ ಮೀಟಿಸಿದೆ. ಅಷ್ಟಕ್ಕೇ ಸುಮ್ಮನಿರದೆ, "ಕಳೆದುಹಾಕಿದವನು ಇವನೇ" ಎಂದು ನನ್ನ ಜೊತೆ ಓಡಾಡುತ್ತಿದ್ದ ಸರೋಜಳ ತಮ್ಮ ಮುನಿರಾಜುವಿನ ಮೇಲೆ ಇಡೀ ಪಂಕ್ತಿಯ ಮುಂದೆ ಹರಿಹಾಯ್ದೆ. ಅವನು ಊಟ ಮಾಡದೆ ಚಿಂತಾಮಣಿ ಬಸ್ಸು ಹತ್ತಿದವನು ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ.

ಎತ್ತಿ ಆಡಿಸಿದ ಸೋದರಮಾವ ಬರದಿದ್ದರೆ ಹಸೆಮಣೆ ಮೇಲೆ ಕೂರುವುದೇ ಇಲ್ಲ ಎಂದು ಶೋಭಾ ಫೋನಿನಲ್ಲಿ ಅತ್ತಿದ್ದಳು. "ಭಾವ ಕರೀಲಿ, ಬರ್ತೀನಿ" ಎಂದು ಅವನು. "ಮೊದ್ಲು ಬೀಗದ ಕೈ ಎಲ್ಲಿ ಅಂತ ಹೇಳ್ಲಿ" ಎಂದು ನಾನು. ಸರೋಜ ಇಬ್ಬರ ನಡುವೆ ಬಡವಾಗಿದ್ದಳು.

ಒಂದೇ ಒಂದು ಸಲ ಕಾಶಿಗೆ ಹಾರಿ ಬಂದು ವಿಮಾನಶಾಸ್ತ್ರಜ್ಞನಾಗಿದ್ದ ಪಕ್ಕದ ಮನೆಯ ಆಂಜಿನಪ್ಪ ನನಗೆ ತರಬೇತಿ ಕೊಟ್ಟ. "ಬೆಲ್ಟು ಹಾಕ್ಕೋಬೇಡಣ್ಣೋ, ಗೇಟು ಬಡ್ಕೊಂತದೆ!" ಬೆಲ್ಟು ಮನೆಯಲ್ಲೇ ಬಿಟ್ಟೆ. ಸಡಿಲವಾದ ಪ್ಯಾಂಟಿಗೆ ಗೋಣಿದಾರ ಬಿಗಿದೆ. ಆ ದಾರ ನಾಲ್ಕು ಜನರ ಕಣ್ಣಿಗೆ ಬೀಳದಿರಲೆಂದು, ಮಗಳ ಮದುವೆಯಾದಾಗಿನಿಂದ ಟ್ರಂಕಿನಲ್ಲಿ ಮಲಗಿದ್ದ ಕೋಟು ತೆಗೆದು ತೊಟ್ಟೆ. ನನ್ನ ಮುಂದಾಲೋಚನೆಗೆ ನಾನೇ ಬೆರಗಾದೆ.

ವಿಮಾನ ನಿಲ್ದಾಣದ ತಪಾಸಣೆಯ ಜಾಗದಲ್ಲಿದ್ದ ಯುವಕ, "ಯಜಮಾನ್ರೇ, ಕೋಟು ಬಿಚ್ಚಿ ಟ್ರೇನಲ್ಲಿಡಿ" ಎಂದ.

"ಆಗಲ್ಲಪ್ಪ, ಶೀತ."

ಬೆವರು ಸುರಿಯುತ್ತಿದ್ದ ನನ್ನ ಮುಖವನ್ನು ಅವನು ಒಂದು ಕ್ಷಣ ಅಧ್ಯಯನ ಮಾಡಿ, ಹಾಗೇ ಬನ್ನಿ ಎಂದ. ಗೇಟು ಕುಂಯ್ ಎಂದಿತು. ಹಿಂದೆ ಹೋಗಿ ಬಂದೆ. ಮತ್ತೆ ಕುಂಯ್!

"ಎರಡೂ ಕೈ ಮೇಲೆತ್ತಿ."

ಎತ್ತಿದೆ. ಸೊಂಟದಲ್ಲಿ ಗೋಣಿದಾರ ಪಟ್ಟೆಂದಿತು! ಒಂದು ಕೈ ತಾನಾಗಿಯೇ ಕೆಳಗಿಳಿದು ಪ್ಯಾಂಟು ಹಿಡಿಯಿತು.

"ಎರಡೂ ಕೈ!"

"ಒಂದಾದ ಮೇಲೆ ಒಂದು ಎತ್ತಿದ್ರೆ ನಡೆಯುತ್ತಾ?"

ಹಿಂದೆ ಸಾಲು ಬೆಳೆಯುತ್ತಿತ್ತು. ಯುವಕ ಕೈಯಲ್ಲಿದ್ದ ಯಂತ್ರವನ್ನು ಕೋಟಿನ ಅಂಚಿಗೆ ತಂದದ್ದೇ ತಡ, ಅದು ಕಿರುಚಿಕೊಂಡಿತು.

"ಇದರಲ್ಲೇನಿದೆ?"

"ಏನೂ ಇಲ್ಲಪ್ಪ! ನನ್ನ ಮೇಲೆ ನಂಬಿಕೆ ಇಲ್ವಾ?"

"ನಿಮ್ಮ ಮೇಲಿದೆ. ಕೋಟಿನ ಮೇಲಿಲ್ಲ."

ಕೋಟು ಬಿಚ್ಚಿಸಿದ. ಜೇಬಿಗೆ ಕೈ ಹಾಕಿದ. ತೂತಾಗಿದ್ದ ಜೇಬು ದಾಟಿ ಕೈ ಮೊಣಕೈವರೆಗೂ ಅಸ್ತರಿನೊಳಗೆ ಹೋಯಿತು. ಹೊರಗೆ ಬಂದಾಗ ಬೆರಳಲ್ಲಿ ಒಂದು ಹಿತ್ತಾಳೆಯ ಬೀಗದ ಕೈ ನೇತಾಡುತ್ತಿತ್ತು. ಅದಕ್ಕೊಂದು ಕೆಂಪು ದಾರ. ಕಳೆದುಹೋಗದಿರಲಿ ಎಂದು ಮದುವೆಯ ದಿನ ಮುನಿರಾಜುವೇ ಕಟ್ಟಿದ್ದ ದಾರ!

ಹೆಂಗಸರ ತಪಾಸಣೆ ಮುಗಿಸಿ ಬಂದು ಮಡಿಲಕ್ಕಿಯ ಚೀಲ ಹಿಡಿದು ನಿಂತಿದ್ದ ಸರೋಜ ಬೀಗದ ಕೈಯನ್ನು ನೋಡಿದಳು. ಅವಳ ಕಣ್ಣು ತುಂಬಿತು. ನನಗೆ ನಿಜವಾಗಿಯೂ ನಾಚಿಕೆಯಾಯಿತು, ಪ್ಯಾಂಟಿನ ವಿಷಯಕ್ಕಲ್ಲ.

"ಎರಡು ವರ್ಷದಿಂದ ಹುಡುಕ್ತಿದ್ವಪ್ಪ. ನಿನ್ನ ಹೊಟ್ಟೆ ತಣ್ಣಗಿರ್ಲಿ" ಎಂದು ಆ ಯುವಕನಿಗೆ ಹೇಳಿ, ಫೋನು ಒತ್ತಿ ನನ್ನ ಕಿವಿಗೆ ಹಿಡಿದಳು. "ಮಾತಾಡಿ."

"ವಿಮಾನಕ್ಕೆ ಹೊತ್ತಾಯ್ತು ಕಣೇ..."

"ಮಾತಾಡ್ದೆ ಇದ್ರೆ ನಾನು ಇಲ್ಲಿಂದ ಕದಲಲ್ಲ."

ಎರಡೂ ಕೈಯಲ್ಲಿ ಪ್ಯಾಂಟು ಹಿಡಿದು ಹೇಳಿದೆ, "ಮುನಿರಾಜು, ಬೀಗದ ಕೈ ಸಿಕ್ತಪ್ಪ."

"ಎಲ್ಲಿ ಭಾವ?"

"ನನ್ನ ಕೋಟಲ್ಲಿ."

ಪ್ಯಾಂಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ನಾನೇ ಮುಂದುವರಿಸಿದೆ.

"ತಪ್ಪಾಯ್ತು ಕಣಪ್ಪ. ಅವತ್ತು ಅಷ್ಟು ಜನರ ಮುಂದೆ ಅಂದೆ, ಇವತ್ತೂ ಜನರ ಮುಂದೇನೇ ಕೇಳ್ಕೊಳ್ತಿದೀನಿ. ನಾಡಿದ್ದು ಸೀಮಂತ. ಶೋಭಾ ನಿನ್ನ ದಾರಿ ಕಾಯ್ತಿದಾಳೆ, ಹೊರಟು ಬಾ."

"ಬರ್ತೀನಿ ಭಾವ. ಅಲ್ಲಿ ಉಗ್ರಾಣ ಯಾರು ನೋಡ್ಕೊಳ್ತಾರೆ?"

"ನಾನೇ ಅಂತ..."

"ಹಂಗಾದ್ರೆ ಬುತ್ತಿ ಕಟ್ಕೊಂಡೇ ಬರ್ತೀನಿ!"

ಸರೋಜ ಫೋನಿನ ಸ್ಪೀಕರ್ ಹಾಕಿದ್ದಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಯುವಕನೂ ನಗುತ್ತ ಕೋಟನ್ನು ನನಗೆ ಕೊಟ್ಟ. ಬೀಗದ ಕೈಯನ್ನು ಮಾತ್ರ ಸರೋಜಳ ಕೈಗೆ ಕೊಟ್ಟ.