ಎರಡು ಹಲ್ಲು ಹೆಚ್ಚಾದ ಬೈಕು

ಒಂದು ಯಂತ್ರವನ್ನು ಚೆನ್ನಾಗಿ ಬಲ್ಲವನಿಗೆ ಜಗತ್ತಿನ ಉಳಿದ ಯಂತ್ರಗಳೆಲ್ಲ ಅದರ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ನಾನು ಗಡಿಯಾಚೆಯ ಮರಾಠಿ ಊರಾದ ಇಚಲಕರಂಜಿಯ ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ಜಾಬರ್. ಅಂದರೆ ಮಗ್ಗ ಕೆಟ್ಟು ನಿಂತಾಗ ಎಲ್ಲರೂ ಯಾರ ಮುಖ ನೋಡುತ್ತಾರೋ ಆ ಮನುಷ್ಯ. ಹೀಗೆ ಮುಖ ನೋಡಿಸಿಕೊಳ್ಳುವ ಅಭ್ಯಾಸ ಬಹಳ ಕೆಟ್ಟದ್ದು. ಬರಬರುತ್ತ ಪಕ್ಕದ ಮನೆಯ ಪಂಪು, ಮದುವೆ ಮನೆಯ ಜನರೇಟರ್, ಯಾವುದು ನಿಂತರೂ ಯಾರೂ ಕರೆಯದೆಯೇ ಹೋಗಿ ನಟ್ಟು ಬಿಚ್ಚುವ ಪಾನಾ ಹಿಡಿದು ನಿಲ್ಲುವಂತಾಗುತ್ತದೆ. ನಮ್ಮ ಮನೆಯ ಮಿಕ್ಸರನ್ನು ನಾನೇ ರಿಪೇರಿ ಮಾಡಿದ್ದೇನೆ. ಅದು ಈಗ ಚಟ್ನಿ ರುಬ್ಬುವುದಿಲ್ಲ, ಆದರೆ ಸದ್ದು ಮೊದಲಿಗಿಂತ ಚೆನ್ನಾಗಿದೆ.

ನನ್ನ ಬೈಕಿನ ಕಥೆಯೂ ಇಂಥದ್ದೇ. ಅದು ನನ್ನ ಸೋದರಮಾವ ಓಡಿಸಿ ಓಡಿಸಿ ಸಾಕಾಗಿ ನನಗೆ ಕೊಟ್ಟದ್ದು, ಎರಡು ಸೈಲೆನ್ಸರಿನ ಹಳೇ ಕಾಲದ ಗಾಡಿ. ನಾನೊಬ್ಬನೇ ಕೂತರೆ ಸುಮ್ಮನೆ ಹೋಗುತ್ತಿತ್ತು. ಹೆಂಡತಿ ಕಸ್ತೂರಿ ಹಿಂದೆ ಕೂತರೆ ಉಬ್ಬಸ ಹಿಡಿದವರ ಹಾಗೆ ಏದುತ್ತಿತ್ತು. ಕಸ್ತೂರಿಯ ತವರು ಗಡಹಿಂಗ್ಲಜ. ಕಾಗಲ ದಾಟಿ ಮುರಗೂಡದ ಮೇಲೆ ಹೋಗುವ ದಾರಿಯಲ್ಲಿ ಒಂದು ಉದ್ದನೆಯ ಏರು ಇದೆ. ಆ ಏರಿನಲ್ಲಿ ಗಾಡಿಗೆ ದಮ್ಮು ಸಿಗಲಿ ಎಂದು ಕೊಲ್ಲಾಪುರದ ದತ್ತೋಬಾ ಮಿಸ್ತ್ರಿಯ ಹತ್ತಿರ ಒಯ್ದು ಎಂಜಿನ್ ಬಿಚ್ಚಿಸಿ, ದೊಡ್ಡ ಪಿಸ್ಟನ್ ಹಾಕಿಸಿದೆ. ಎಂಜಿನ್ ದೊಡ್ಡದಾದ ಮೇಲೆ ಮುಂದಿನ ಸ್ಪ್ರಾಕೆಟ್, ಅಂದರೆ ಚೈನನ್ನು ಎಳೆಯುವ ಸಣ್ಣ ಹಲ್ಲಿನ ಚಕ್ರ, ಅದನ್ನೂ ಬದಲಿಸಬೇಕು ಎಂದ ಮಿಸ್ತ್ರಿ. ಎರಡು ಸ್ಪ್ರಾಕೆಟ್ ತಂದು ಮುಂದಿಟ್ಟ. ಒಂದಕ್ಕೆ ಮೊದಲಿನದಕ್ಕಿಂತ ಎರಡು ಹಲ್ಲು ಹೆಚ್ಚು, ಇನ್ನೊಂದಕ್ಕೆ ಎರಡು ಕಡಿಮೆ.

"ಪಳಾಯಲಾ ಪಾಹಿಜೆ ಕಾ ಚಢಾಯಲಾ?" ಎಂದು ಕೇಳಿದ. ಓಡಬೇಕೋ, ಏರಬೇಕೋ ಎಂದು.

ಏರಬೇಕು ಎಂದು ಹೇಳಿ, ಯಾವುದು ಎಂದು ಕೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಹಲ್ಲಿನ ಚಕ್ರದ ವಿಷಯದಲ್ಲಿ ಜಾಬರ್ ಇನ್ನೊಬ್ಬರನ್ನು ಕೇಳುವುದೆಂದರೇನು? ನಮ್ಮ ಶೆಡ್ಡಿನ ಮಗ್ಗಗಳಲ್ಲಿ ಬಟ್ಟೆಯನ್ನು ಮುಂದಕ್ಕೆ ಸರಿಸುವ ಒಂದು ಚಕ್ರ ಇರುತ್ತದೆ. ಅದಕ್ಕೆ ಹಲ್ಲು ಹೆಚ್ಚಿದ್ದಷ್ಟೂ ಬಟ್ಟೆ ನಿಧಾನ ಸರಿಯುತ್ತದೆ, ಹೊಕ್ಕಿನ ಎಳೆಗಳು ಒತ್ತೊತ್ತಾಗಿ ಕೂತು ಬಟ್ಟೆ ಗಟ್ಟಿಯಾಗುತ್ತದೆ. ಹಲ್ಲು ಹೆಚ್ಚು ಎಂದರೆ ನಿಧಾನ, ನಿಧಾನ ಎಂದರೆ ಗಟ್ಟಿ. ಇದು ನನ್ನ ರಕ್ತದಲ್ಲಿ ಇಳಿದ ಲೆಕ್ಕ. ಮಿಸ್ತ್ರಿ ಬಾಯಿ ತೆರೆಯುವ ಮೊದಲೇ ದೊಡ್ಡದನ್ನು ಎತ್ತಿ ಅವನ ಕೈಗೆ ಕೊಟ್ಟೆ. ಅವನು ಏನೋ ಹೇಳಹೊರಟ. ನಾನು ಮರಾಠಿಯಲ್ಲಿ, ಹಲ್ಲು ಎಣಿಸಿಯೇ ನಾವು ಹೊಟ್ಟೆ ಹೊರೆಯುವವರು ಎಂದು ಘನವಾಗಿ ಹೇಳಿದೆ. ಅವನು ಸುಮ್ಮನೆ ಕೂಡಿಸಿಕೊಟ್ಟ.

ಕಾಗಲದವರೆಗೆ ಗಾಡಿ ಹೋದದ್ದನ್ನು ನೀವು ನೋಡಬೇಕಿತ್ತು. ಕಸ್ತೂರಿಯ ಸೆರಗು ಬಾವುಟದಂತೆ ಹಾರುತ್ತಿತ್ತು. ನಾನು ದಾರಿಯುದ್ದಕ್ಕೂ ತಲೆ ಹಿಂದಕ್ಕೆ ತಿರುಗಿಸಿ ಹಲ್ಲಿನ ಮಹಿಮೆ ಹೇಳುತ್ತ ಹೋದೆ. ಮುರಗೂಡ ದಾಟಿ ಏರು ಶುರುವಾದದ್ದೇ ಗಾಡಿ ಎರಡು ಸಲ ಕೆಮ್ಮಿ ನಿಂತಿತು. ಕಸ್ತೂರಿ ಇಳಿದಳು. ನಾನು ಒಬ್ಬನೇ ಹೇಗೋ ಮೇಲೆ ಹತ್ತಿಸಿ ಕಾದೆ. ಮುಂದಿನ ಸಲವೂ ಹಾಗೇ, ಅದರ ಮುಂದಿನ ಸಲವೂ ಹಾಗೇ. ಕಾರ್ಬೊರೇಟರ್ ಬಿಚ್ಚಿದೆ. ಪೆಟ್ರೋಲಿನಲ್ಲಿ ಭೇಸಳ, ಕಲಬೆರಕೆ ಇದೆ ಎಂದೆ. ಒಮ್ಮೆ, ಹೇಳಬಾರದು, ಕಸ್ತೂರಿಯ ಕಡೆಗೇ ಒಂದು ನೋಟ ಹರಿಸಿ ತೂಕದ ಮಾತೆತ್ತಿದೆ. ಆ ಸಲ ಅವಳು ವಾಪಸು ಬಂದದ್ದು ಎಸ್‌ಟಿ ಬಸ್ಸಿನಲ್ಲಿ.

ಅವಳು ಏರು ಹತ್ತಿ ಬರಲು ತೀರ ಹೊತ್ತು ಮಾಡುತ್ತಿದ್ದಳು. ಪಾಪ, ದಣಿಯುತ್ತಾಳೆ ಎಂದುಕೊಳ್ಳುತ್ತಿದ್ದೆ. ಜೊತೆಗೆ ಕುರಿ ಮೇಯಿಸುವ ಮಾಯವ್ವ ಎಂಬ ಹೆಣ್ಣುಮಗಳು ಬರುತ್ತಿದ್ದಳು. ನಮ್ಮ ಹಾಗೇ ಮನೆಯಲ್ಲಿ ಕನ್ನಡ ಆಡುವವಳು. ಕುರಿಗಳ ನಡುವೆ ಇಬ್ಬರೂ ಅಡ್ಡಡ್ಡ ನಡೆಯುತ್ತ ಬರುವುದನ್ನು ಮೇಲಿನಿಂದ ನೋಡುತ್ತ ಕೂತಿರುತ್ತಿದ್ದೆ.

ಗಡಹಿಂಗ್ಲಜದಲ್ಲಿ ಕಸ್ತೂರಿಯ ತಮ್ಮ ಬಸು ಇದ್ದಾನೆ. ಅವನಿಗೆ ಕಬ್ಬಿನ ಹಾಲಿನ ಅಂಗಡಿ. ಪ್ರತಿ ಸಲ ಅಕ್ಕನ ಚಪ್ಪಲಿಯ ಧೂಳು ನೋಡಿ ನಗುತ್ತಿದ್ದ. ಕೊನೆಗೆ ಊಟಕ್ಕೆ ಕೂತಾಗ, ಎಲ್ಲರ ಎದುರಿಗೆ ಭಾವನಾದ ನನ್ನ ಮೇಲೆ ಒಂದು ಪೈಜು, ಅಂದರೆ ಪಂಥ, ಕಟ್ಟಿದ. "ದಾಜಿ, ಮುಂದಿನ ಸಲ ಅಕ್ಕ ಇಳೀಲಾರದ ಏರ ಹತ್ತಿ ಬಂದ್ರ ನಾ ಇನ್ನ ಆ ಗಾಡಿ ಸುದ್ದಿ ಎತ್ತಂಗಿಲ್ಲ. ಇಳದ್ಲಂದ್ರ ಗಾಡಿ ನನಗ. ಎಂಜಿನ್ ತಗದ ಗಾಣಕ್ಕ ಹಚ್ಚತೇನಿ." ಏರಿನ ತುದಿಯ ಚಹಾದಂಗಡಿಯಲ್ಲಿ ತಾನೇ ಕಾದು ನೋಡುವುದಾಗಿಯೂ ಹೇಳಿದ. ಹೆಣ್ಣು ಕೊಟ್ಟ ಮಾವನ ಎದುರಿಗೆ ಹಿಂದೆ ಸರಿಯುವುದು ಹೇಗೆ? ಹೂಂ ಎಂದೆ. ಕೈ ತೊಳೆದು ಹೊರಗೆ ಹೋಗಿ ಗಾಡಿಯ ಟ್ಯಾಂಕು ಒರೆಸಿದೆ. ಆ ಗಾಡಿಯ ಮೇಲೆ ನನಗೆ ಅಷ್ಟು ಪ್ರೀತಿ ಎಂದು ನನಗೇ ಗೊತ್ತಿರಲಿಲ್ಲ.

ಬುದ್ಧಿ ಬಂದದ್ದು ಶೆಡ್ಡಿನಲ್ಲಿ. ಮಗ್ಗದ ಚಕ್ರ ಬದಲಿಸುತ್ತ ಕೂತಿದ್ದಾಗ ಕೈ ಹಾಗೇ ನಿಂತಿತು. ಈ ಚಕ್ರ ಇನ್ನೊಂದರಿಂದ ಎಳೆಸಿಕೊಳ್ಳುವ ಚಕ್ರ. ಬೈಕಿನ ಮುಂದಿನದು ತಾನೇ ಎಳೆಯುವ ಚಕ್ರ. ಎಳೆಯುವ ಚಕ್ರಕ್ಕೆ ಹಲ್ಲು ಹೆಚ್ಚಿಸಿದರೆ ಗಾಡಿ ಓಡುತ್ತದೆ, ಏರುವುದಿಲ್ಲ. ಇಷ್ಟು ದಿನ ಲೆಕ್ಕವನ್ನು ಪೂರ್ತಿ ತಲೆಕೆಳಗೆ ಹಿಡಿದಿದ್ದೆ. ಯಾರಿಗೂ ಹೇಳದೆ ಕೊಲ್ಲಾಪುರಕ್ಕೆ ಹೋದೆ. ದತ್ತೋಬಾ ಮಿಸ್ತ್ರಿ ನನ್ನನ್ನು ನೋಡಿದ್ದೇ ಎದ್ದ. ಗೋಡೆಯ ಮೊಳೆಗೆ ಪೇಪರ್ ಸುತ್ತಿ ತೂಗುಹಾಕಿದ್ದ ಸಣ್ಣ ಸ್ಪ್ರಾಕೆಟ್ ಇಳಿಸಿದ. ಪೇಪರಿನ ಮೇಲೆ ನನ್ನ ಹೆಸರು ಬರೆದಿತ್ತು. ಶಾಯಿ ಆಗಲೇ ಮಾಸಿತ್ತು.

ಪೈಜಿನ ದಿನ ಕಸ್ತೂರಿ ತೊಡೆಯ ಮೇಲೆ ಒಂದು ಗಂಟು ಇಟ್ಟುಕೊಂಡು ಕೂತಳು. ಶೆಡ್ಡಿನ ತುಂಡು ಬಟ್ಟೆಗಳು. ಅಷ್ಟು ಭಾರ ಯಾಕೆ ಎಂದೆ, ಗಾಡಿ ಬಿಡ್ರಿ ಎಂದಳು. ನಾನು ಹೊಸ ಹಲ್ಲಿನ ತತ್ವ ವಿವರಿಸುತ್ತ ಮುರಗೂಡ ದಾಟಿದೆ. ಏರು ಬಂತು. ಗಾಡಿ ಗುರ್ ಎಂದು ಹಟ ಹಿಡಿದು ಹತ್ತತೊಡಗಿತು. ಕಾಲುಭಾಗ ಆಯಿತು, ಅರ್ಧ ಆಯಿತು. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅಷ್ಟರಲ್ಲಿ ಬೆನ್ನ ಮೇಲೆ ಗುದ್ದು ಬಿತ್ತು.

"ಮಾಯವ್ವ ನಿಂತಾಳ್ರಿ. ಗಾಡಿ ನಿಲ್ಲಸ್ರಿ."

ಈಗ ಆಗುವುದಿಲ್ಲ, ಮೇಲೆ ಬಸು ಇದ್ದಾನೆ ಎಂದೆ.

"ಆಕಿ ಮಗಳ ಬಾಣಂತಿ ಆಗ್ಯಾಳ. ಕೂಸಿಗೆ ಅರಿವಿ ತಂದೇನಿ," ಎಂದಳು. ಮತ್ತೊಂದು ಗುದ್ದು. "ಇಷ್ಟ ದಿನಾ ನಡೂ ದಾರ್ಯಾಗ ಇಳಸ್ತಿದ್ರಿ. ಇವತ್ತ ನಾನಾಗೇ ಇಳೀತೇನಿ ಅಂದ್ರ ನಿಲ್ಲಸವಲ್ರಿ."

ನಿಲ್ಲಿಸಿದೆ. ಅವಳು ಗಂಟು ಹಿಡಿದು ಹುಡುಗಿಯಂತೆ ಕುರಿಗಳ ಕಡೆಗೆ ಓಡಿದಳು. ಅಷ್ಟು ದಿನ ಅವಳು ದಣಿದು ತಡ ಮಾಡಿರಲಿಲ್ಲ, ಮಾತು ಮುಗಿಯದೆ ತಡ ಮಾಡಿದ್ದಳು ಎಂದು ಆಗ ತಿಳಿಯಿತು. ನನ್ನ ಗಾಡಿ ಕೆಟ್ಟದ್ದು ಅವಳಿಗೆ ಒಂದು ಗೆಳೆತನ ಗಳಿಸಿಕೊಟ್ಟಿತ್ತು. ನಾನು ಒಬ್ಬನೇ ಮೇಲೆ ಹೋದೆ.

ಬಸು ಚಹಾದ ಲೋಟ ಹಿಡಿದು ನಿಂತಿದ್ದ. ಅಕ್ಕ ಎಲ್ಲಿ ಎಂದ. ಬರಾಕತ್ತಾಳ ಎಂದೆ. ನಡಕೊಂತ? ಎಂದ. ಸುಳ್ಳು ಹೇಳುವ ಹಾಗಿರಲಿಲ್ಲ, ಕೆಳಗೆ ಕುರಿಗಳ ನಡುವೆ ಅವಳ ಸೀರೆ ಕಾಣುತ್ತಿತ್ತು. ಗಾಡಿ ಏರುತ್ತಿತ್ತು, ನಾನೇ ನಿಲ್ಲಿಸಿದೆ ಎಂದು ಹೇಳಿದೆ. ನಾನಾಗಿದ್ದರೂ ನಂಬುತ್ತಿರಲಿಲ್ಲ. ಅವನು ಆಗಲೇ ಎಂಜಿನ್ನನ್ನು ಗಾಣದ ಅಳತೆಗೆ ಕಣ್ಣಲ್ಲೇ ಅಳೆಯುತ್ತಿದ್ದ.

ಕಸ್ತೂರಿ ಬಂದಳು. ತಮ್ಮ ಕೇಳಿದ್ದಕ್ಕೆ ಹೌದು, ಇಳಿದೆ ಎಂದಳು. ಅವಳು ಸಾವಕಾಶ ಚಹಾ ಕುಡಿದು ಲೋಟ ಕೆಳಗಿಟ್ಟಳು.

"ಗಾಡಿ ಛಲೋ ಏರತಿತ್ತು. ನನಗ ಕೆಲಸ ಇತ್ತು, ಇಳದೇನಿ," ಎಂದು ನನ್ನ ಕಡೆ ತಿರುಗಿದಳು. "ಆದ್ರ ಇನ್ನ ಮ್ಯಾಲ ಹಲ್ಲಿನ ಮಾತ ನನ್ನ ಕಿವಿಗೆ ಬಿತ್ತಂದ್ರ, ಗಾಡಿ ಏರಿಲ್ಲ ಅಂತ ಹೇಳಾಕಿ ನಾ."

ಅಕ್ಕನ ಸಾಕ್ಷಿಗೆ ಎದುರಾಡದೆ ಬಸು ಪೈಜು ಬಿಟ್ಟುಕೊಟ್ಟ. ಹೀಗೆ ಗಾಡಿ ಉಳಿಯಿತು, ನನ್ನ ಹಲ್ಲಿನ ಮಾತು ಹೋಯಿತು. ಈಗ ಏರಿನಲ್ಲಿ ಅದು ಎತ್ತಿನ ಹಾಗೆ ಹತ್ತುತ್ತದೆ. ಅರ್ಧ ದಾರಿಯಲ್ಲಿ ಮಾಯವ್ವ ಕಂಡರೆ ತಾನಾಗಿಯೇ ನಿಲ್ಲುತ್ತದೆ. ಕಾಗಲದ ಹೆದ್ದಾರಿಯಲ್ಲಿ ಮಾತ್ರ ಎಷ್ಟು ಅರಚಿದರೂ ಮುಂದೆ ಹೋಗುವುದಿಲ್ಲ. ಕಬ್ಬಿನ ಟ್ರ್ಯಾಕ್ಟರಿನವರು ಹಿಂದಿಕ್ಕಿ ಕೈ ಬೀಸುತ್ತಾರೆ. ಹಿಂದಿನ ಸ್ಪ್ರಾಕೆಟ್ಟಿನಲ್ಲಿ ಕೆಲವು ಹಲ್ಲು ಕಡಿಮೆ ಮಾಡಿದರೆ ಹೇಗೆ ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ. ಕನ್ನಡಿಯಲ್ಲಿ ಕಸ್ತೂರಿಯ ಮುಖ ಕಂಡು ನುಂಗಿಕೊಳ್ಳುತ್ತೇನೆ. ಎಲ್ಲಾದರೂ ಕಕ್ಕಬೇಕಲ್ಲ, ಅದಕ್ಕೇ ನಿಮ್ಮನ್ನು ಹಿಡಿದು ಕೂರಿಸಿದ್ದು. ನಾನು ನಾಲ್ಕಕ್ಷರ ಕನ್ನಡ ಕಲಿತದ್ದು ಬನಹಟ್ಟಿಯ ಅಜ್ಜನ ಮನೆಯಲ್ಲಿ. ಕಸ್ತೂರಿ ಕಲಿತದ್ದು ಗಡಹಿಂಗ್ಲಜದ ಮರಾಠಿ ಶಾಲೆಯಲ್ಲಿ, ಕನ್ನಡ ಓದಲು ಬರುವುದಿಲ್ಲ. ಆ ಧೈರ್ಯದ ಮೇಲೆ ಇಷ್ಟೆಲ್ಲ ಬರೆದಿದ್ದೇನೆ. ಆದರೆ ಕೇಳಿದರೆ ಪ್ರತಿಯೊಂದು ಶಬ್ದವೂ ಅವಳಿಗೆ ತಿಳಿಯುತ್ತದೆ. ನಮ್ಮ ಮನೆಯ ಆಸುಪಾಸಿನಲ್ಲಿ ಇದ್ದರೆ ದಯವಿಟ್ಟು ಇದನ್ನು ಗಟ್ಟಿಯಾಗಿ ಓದಬೇಡಿ.