ಸಾಸಿವೆ ಪಟ್ಟು ಮತ್ತು ಇಪ್ಪತ್ತು ನಿಮಿಷದ ಟೋಸ್ಟ್

ಕಾನ್ವೆಂಟ್ ಬೋರ್ಡಿಂಗಿನಲ್ಲಿ ನಾನು ಕಲಿತದ್ದರಲ್ಲಿ ಮೂರು ವಿಷಯ ಇಂದಿಗೂ ಗಟ್ಟಿ: ಟೇಬಲ್ ಮ್ಯಾನರ್ಸ್, ಕ್ರಾಸ್ ಸ್ಟಿಚ್ ಮತ್ತು ಫಸ್ಟ್ ಏಡ್. ಮೊದಲ ಎರಡರಿಂದ ಈವರೆಗೆ ಯಾರಿಗೂ ಗಾಯವಾಗಿಲ್ಲ.

ಎಪ್ಪತ್ತರ ದಶಕದ ಕೊನೆಯ ಒಂದು ಜನವರಿ. ಕಾಪುವಿನ ನಮ್ಮ ಮನೆಯಲ್ಲಿ ನಾದಿನಿ ಲಿಲ್ಲಿಯ ಮದುವೆಯ ಗಡಿಬಿಡಿ. ವರ ಕಾರ್ಕಳದವನು. ನಮ್ಮ ಕ್ರೈಸ್ತರಲ್ಲಿ ಮದುವೆಯ ದಿನ ಒಬ್ಬರು ಎದ್ದು ನಿಂತು, ಗ್ಲಾಸ್ ಎತ್ತಿ, ವಧೂವರರನ್ನು ಹೊಗಳಿ ಟೋಸ್ಟ್ ಹೇಳುವುದು ಪದ್ಧತಿ. ಮಾವ ತೀರಿಕೊಂಡು ಎರಡು ವರ್ಷವಾಗಿತ್ತು. ಲಿಲ್ಲಿ ತನ್ನ ಅಣ್ಣನನ್ನು, ಅಂದರೆ ನನ್ನ ಯಜಮಾನರಾದ ಅಲೆಕ್ಸರನ್ನು ಹಿಡಿದು, "ಅಪ್ಪನ ಜಾಗದಲ್ಲಿ ನೀನೇ ಮಾತಾಡಬೇಕು. ಬೇರೆ ಯಾರು ನಿಂತರೂ ನಾನು ಅಲ್ಲೇ ಅಳುತ್ತೇನೆ" ಎಂದಿದ್ದಳು.

ಅಲೆಕ್ಸ್ ಇಪ್ಪತ್ತು ನಿಮಿಷದ ಭಾಷಣ ಬರೆದರು. ಬಾಯಿಪಾಠವೂ ಆಯಿತು. ಮದುವೆಗೆ ನಾಲ್ಕು ದಿನ ಉಂಟು ಎನ್ನುವಾಗ ಎದೆಯಲ್ಲಿ ಕಫ ಕಟ್ಟಿ ಸ್ವರವೇ ಕೂತುಬಿಟ್ಟಿತು!

ಲಿಲ್ಲಿಯ ಮುಖ ಬಾಡಿತು. ನಾನು ಮಾತ್ರ ಧೈರ್ಯಗೆಡಲಿಲ್ಲ. "ಡೋಂಟ್ ವರಿ" ಎಂದು ಟ್ರಂಕಿನಿಂದ ನನ್ನ ಫಸ್ಟ್ ಏಡ್ ನೋಟ್‌ಬುಕ್ ತೆಗೆದೆ. ಮಸ್ಟರ್ಡ್ ಪ್ಲಾಸ್ಟರ್! ಸಾಸಿವೆ ಪಟ್ಟು! ಒಂದು ಪಾಲು ಸಾಸಿವೆ ಹುಡಿ, ನಾಲ್ಕು ಪಾಲು ಮೈದಾ, ನೀರು. ಎಂತಹ ನೀರು ಎಂದು ಬರೆದುಕೊಂಡಿರಲಿಲ್ಲ. ಎದೆ ಬಿಸಿಯಾಗಬೇಕಾದರೆ ಬಿಸಿ ನೀರೇ ಅಲ್ಲವೇ? ಕೊತಕೊತ ಕುದಿಯುವ ನೀರು ಸುರಿದೆ.

ಅತ್ತೆಯವರು, ನಮ್ಮೆಲ್ಲರ ಮಾಂಯ್, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. "ಬಿಸಿ ನೀರು ಹಾಕಿದರೆ ಸಾಸಿವೆ ಸತ್ತುಹೋಗುತ್ತದೆ ಮಗಾ. ಉಪ್ಪಿನಕಾಯಿಗೆ ಸಹ ನಾವು ನೀರು ಕುದಿಸಿ, ಆರಿಸಿಯೇ ಅರೆಯುವುದು."

"ಮಾಂಯ್, ಇದು ಉಪ್ಪಿನಕಾಯಿ ಅಲ್ಲ, ಮೆಡಿಸಿನ್!"

ಹಿಟ್ಟು ತುಸು ಆರಿದ ಮೇಲೆ ಬಟ್ಟೆಯಲ್ಲಿ ಹರಡಿ ಎದೆಗೆ ಕಟ್ಟಿದೆ. ಅರ್ಧ ಗಂಟೆ ಕಳೆಯಿತು.

"ಎಂತ ಅನಿಸುತ್ತದೆ?"

"ಎದೆಯ ಮೇಲೆ ಯಾರೋ ರೊಟ್ಟಿ ತಟ್ಟಿ ಮರೆತುಹೋದ ಹಾಗೆ" ಎಂದು ಪಿಸುಗುಟ್ಟಿದರು.

ಸಾಸಿವೆ ಕಡಿಮೆಯಾಯಿತು ಎಂಬ ವೈಜ್ಞಾನಿಕ ತೀರ್ಮಾನಕ್ಕೆ ಬಂದೆ. ಈ ಸಲ ಮೈದಾ ಇಲ್ಲ. ಬರೀ ಸಾಸಿವೆ! ಆದರೆ ಹಂಡೆಯ ಬಿಸಿ ನೀರನ್ನೆಲ್ಲ ಲಿಲ್ಲಿ ಸ್ನಾನಕ್ಕೆ ಮುಗಿಸಿದ್ದಳು. ಬಾವಿಯ ನೀರಲ್ಲೇ ಕಲಸಿದೆ. ತಣ್ಣೀರು, ಪಾಪ, ಅದಕ್ಕೆಷ್ಟು ಶಕ್ತಿ! ಹೊತ್ತು ಜಾಸ್ತಿ ಇಡೋಣ ಎಂದುಕೊಂಡೆ. ಗಡಿಯಾರ ನೋಡುವ ಬದಲು, "ನೀವು ಭಾಷಣ ಹೇಳಿ. ಮುಗಿದಾಗ ಬಿಚ್ಚುತ್ತೇನೆ. ಪ್ರಾಕ್ಟೀಸೂ ಆಯಿತು" ಎಂದೆ.

"ಲೇಡೀಸ್ ಆ್ಯಂಡ್ ಜಂಟಲ್‌ಮೆನ್..." ಪಿಸುದನಿಯಲ್ಲಿ ಶುರುವಾಯಿತು. ಲಿಲ್ಲಿ ಹುಟ್ಟುವಾಗ ಎಲ್ಲವೂ ಸುಖವಾಗಿತ್ತು. ಅವಳು ತೊಟ್ಟಿಲಲ್ಲಿರುವಾಗ, "ಈಗ ಸ್ವಲ್ಪ ಬೆಚ್ಚಗಾಯಿತು, ಒಳ್ಳೆಯದುಂಟು" ಎಂದರು. ನಾನು ಮಾಂಯ್ ಕಡೆ ಹೆಮ್ಮೆಯಿಂದ ನೋಡಿದೆ. ಲಿಲ್ಲಿ ಶಾಲೆಗೆ ಸೇರುವಷ್ಟರಲ್ಲಿ ಮಾತಿನ ವೇಗ ಹೆಚ್ಚಿತು. ಒಂದನೇ ಕ್ಲಾಸಿನಿಂದ ನೇರ ಎಸ್ಸೆಸ್ಸೆಲ್ಸಿಗೆ ಹಾರಿದಳು!

"ಉರಿಯುತ್ತದೆ ಮಾರಾಯ್ತಿ!"

"ಸೈನ್ಸ್ ಕೆಲಸ ಮಾಡುತ್ತಿದೆ. ಸಹಿಸಿಕೊಳ್ಳಿ."

"ವಧೂವರರು-ನೂರು-ವರ್ಷ-ಬಾಳಲಿ-ಬಿಚ್ಚು!"

ಬಿಚ್ಚಿದೆ. ಎದೆ ಬೇಯಿಸಿದ ಏಡಿಯ ಹಾಗೆ ಕೆಂಪಾಗಿ, ಅಲ್ಲಲ್ಲಿ ಬೊಬ್ಬೆ ಏಳುತ್ತಿತ್ತು. ಅವರು ಹಾಕಿದ ಬೊಬ್ಬೆ ಉಚ್ಚಿಲದವರೆಗೆ ಕೇಳಿರಬೇಕು. ಕೂತಿದ್ದ ಸ್ವರವಂತೂ ಪೂರ್ತಿ ಎದ್ದುಬಂತು!

ಮೀನು ಮಾರಲು ಬಂದ ಗಿರಿಜಕ್ಕ ಬುಟ್ಟಿ ಇಳಿಸಿ ಒಳಗೆ ಓಡಿ ಬಂದಳು. "ಅಯ್ಯೋ ಬಾಯಮ್ಮ, ಪೊರ್ಬುಗಳನ್ನು ಹುರಿದದ್ದಾ? ತಂಪು ಎಂತಾದರೂ ಇಡಿ ಮಾರಾಯ್ರೆ!" ನಮ್ಮ ಗಂಡಸರೆಲ್ಲ ಅವಳ ಬಾಯಲ್ಲಿ ಪೊರ್ಬುಗಳೇ.

ತಂಪು! ಮದುವೆಯ ಪಲ್ಯಕ್ಕೆ ತಂದ ಕ್ಯಾಬೇಜ್ ಮೂಲೆಯಲ್ಲಿ ರಾಶಿ ಬಿದ್ದಿತ್ತು. ಕ್ಯಾಬೇಜ್ ಎಲೆ ಉರಿಗೆ ಒಳ್ಳೆಯದು ಎಂದು ಎಲ್ಲೋ ಓದಿದ ನೆನಪು. ರಸ ಬರಲಿ ಎಂದು ಎಲೆಗಳನ್ನು ಲಟ್ಟಣಿಗೆಯಿಂದ ಚೆನ್ನಾಗಿ ಜಜ್ಜಿ ಎದೆಗೆ ಹೊದಿಸಿದೆ. ಎರಡನೇ ಬೊಬ್ಬೆ ಕೇಳಿತು.

ಅಂಗಿಯೊಳಗೆ ಕ್ಯಾಬೇಜ್ ಇಟ್ಟುಕೊಂಡೇ ಅಲೆಕ್ಸ್ ನನ್ನ ಜೊತೆ ಬಸ್ಸು ಹತ್ತಿದರು. ಮಣಿಪಾಲದ ಯುವ ಡಾಕ್ಟರು ಎಲೆಗಳನ್ನು ಒಂದೊಂದಾಗಿ ತೆಗೆದು, ಗಂಭೀರವಾಗಿ ಕೇಳಿದರು: "ಒಳಗೆ ಇನ್ನೂ ತರಕಾರಿ ಉಂಟಾ?"

ಆಮೇಲೆ ವಿವರಿಸಿದರು. ಸಾಸಿವೆಯೊಳಗೆ ಎರಡು ವಸ್ತುಗಳು ಬೇರೆ ಬೇರೆ ಕೂತಿರುತ್ತವಂತೆ. ಜಜ್ಜಿ ತಣ್ಣೀರು ಹಾಕಿದರೆ ಒಂದು ಇನ್ನೊಂದನ್ನು ಒಡೆದು ಖಾರದ ಎಣ್ಣೆ ಹುಟ್ಟುತ್ತದೆ. ಅದು ಚರ್ಮದ ಜೀವಕೋಶಗಳನ್ನು ಸುಡುತ್ತದೆ. ಕುದಿಯುವ ನೀರು ಹಾಕಿದರೆ ಆ ಒಡೆಯುವ ವಸ್ತುವೇ ಸತ್ತು ಎಲ್ಲ ತಣ್ಣಗೆ!

"ಅಂದರೆ ಬಿಸಿ ನೀರು ತಂಪು, ತಣ್ಣೀರು ಬೆಂಕಿಯಾ ಡಾಕ್ಟರ್?"

"ಇಲ್ಲಿ ಹಾಗೆಯೇ. ಮತ್ತೆ ಈ ಕ್ಯಾಬೇಜ್ ಸಾಸಿವೆಯ ಕಸಿನ್. ಖಾರ ಕಡಿಮೆ, ಆದರೆ ಕುಟುಂಬ ಒಂದೇ. ಸುಟ್ಟ ಚರ್ಮಕ್ಕೆ ಅದನ್ನೂ ಜಜ್ಜಿ ಹಾಕಿದ್ದೀರಿ."

"ಹಾಗಾದರೆ ಕ್ಯಾಬೇಜ್ ತಿನ್ನಬಾರದಾ?"

"ತಿನ್ನಿ. ಕಟ್ಟಬೇಡಿ."

ನನಗೆ ಅರ್ಥವಾಗಲಿಲ್ಲ. ಇಂದಿಗೂ ಅಷ್ಟಾಗಿ ಆಗಿಲ್ಲ. ಈಗಿನ ಪೇಪರುಗಳಲ್ಲಿ ಇದೇ ಖಾರದ ವಸ್ತುಗಳು ಮಿತವಾಗಿ ಹೊಟ್ಟೆಗೆ ಹೋದರೆ ಜೀವಕೋಶಗಳಿಗೆ ಒಳ್ಳೆಯದಿರಬಹುದು ಎಂದು ಬರೆಯುತ್ತಾರೆ. ಸುಡುವುದೂ ಅದೇ, ಕಾಯುವುದೂ ಅದೇ! ಇದನ್ನು ಅಲೆಕ್ಸರಿಗೆ ಹೇಳೋಣವೆಂದರೆ ಅವರು ಈಗಿಲ್ಲ. ಇದ್ದಿದ್ದರೆ ಅಂಗಿಯ ಗುಂಡಿ ಹಾಕಿಕೊಂಡು ದೂರ ಕೂತು ಕೇಳುತ್ತಿದ್ದರು.

ಮದುವೆಯ ದಿನ ಬಂತು. ಕೋಟಿನೊಳಗೆ ಮೆತ್ತನೆ ಹತ್ತಿಬಟ್ಟೆ ಸುತ್ತಿಕೊಂಡು, ಕೈಗಳನ್ನು ಮೈಗೆ ತಾಗಿಸದೆ, ಎರಡು ಕೊಡ ಹೊತ್ತವರ ಹಾಗೆ ಅಲೆಕ್ಸ್ ಎದ್ದು ನಿಂತರು.

"ಲೇಡೀಸ್ ಆ್ಯಂಡ್ ಜಂಟಲ್‌ಮೆನ್..."

ಅಷ್ಟು ಹೇಳಿದ್ದೇ ತಡ, ಎದೆಗೆ ಹಳೆಯ ಪಾಠ ನೆನಪಾಯಿತೇನೋ! ಲಿಲ್ಲಿ ಹುಟ್ಟಿದಳು, ಒಂದನೇ ಕ್ಲಾಸ್, ಎಸ್ಸೆಸ್ಸೆಲ್ಸಿ... ಎಲ್ಲ ಒಂದೇ ಉಸಿರಿನಲ್ಲಿ ಮುಗಿಯಿತು. ಕೊನೆಗೆ ಮಾತ್ರ ನಿಂತು, ನಿಧಾನವಾಗಿ, "ಅಪ್ಪ ಇದ್ದಿದ್ದರೆ ಇದಕ್ಕಿಂತ ಚೆನ್ನಾಗಿ ಹೇಳುತ್ತಿದ್ದರು, ಲಿಲ್ಲಿ" ಎಂದು ಗ್ಲಾಸ್ ಎತ್ತಿದರು. ಎರಡೇ ನಿಮಿಷ! ಲಿಲ್ಲಿ ಅತ್ತಳು, ನಕ್ಕಳು, ಅಣ್ಣನನ್ನು ಅಪ್ಪಿಕೊಂಡಳು. ಅಲೆಕ್ಸ್ ಮೂರನೇ ಬೊಬ್ಬೆ ಹಾಕಿದರು.

ಹಸಿದಿದ್ದ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಷ್ಟು ಒಳ್ಳೆಯ ಟೋಸ್ಟ್ ಕೇಳಿಯೇ ಇಲ್ಲ ಎಂದರು. ಊಟವಾದ ಮೇಲೆ ನಾಲ್ಕು ಹೆಂಗಸರು ಗುಟ್ಟಾಗಿ ನನ್ನ ಬಳಿ ಬಂದರು. "ನಿಮ್ಮ ಸಾಸಿವೆ ಮದ್ದು ಸ್ವಲ್ಪ ಹೇಳಿಕೊಡಿ. ನಮ್ಮವರೂ ಮೈಕ್ ಹಿಡಿದರೆ ಬಿಡುವುದಿಲ್ಲ!"

ನಾನು ಎದೆಯುಬ್ಬಿಸಿ ಬಾಯಿ ತೆರೆಯುವಷ್ಟರಲ್ಲಿ ಮಾಂಯ್ ನಡುವೆ ಬಂದರು. "ಕೇಳಿ, ಕೇಳಿ. ನಮ್ಮ ಸೊಸೆ ಕಾನ್ವೆಂಟಿನಲ್ಲಿ ಕಲಿತವಳು. ಎಲ್ಲ ಗೊತ್ತುಂಟು ಅವಳಿಗೆ. ನೀರು ಯಾವುದು ಹಾಕುವುದು ಎಂಬುದನ್ನು ಮಾತ್ರ ನನ್ನ ಹತ್ತಿರ ಕೇಳಿ."